ಶಟ್ಟೆಪ್ಪನ ತೋಳಿಗೆ ಬಿ.ಪಿ. ಪಟ್ಟಿ

ಹೊಳಿಮಳಲಿಯ ನರ್ಸಬಾಯಿ ದೇವಕ್ಕನ ಗಂಟಲಿಗೆ ಸಮನಾದ ಗಂಟಲು ಬೆಳಗಾವಿ ಜಿಲ್ಲೆಯಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಇಲ್ಲ. ಸುರೇಬಾನದಿಂದ ಹೊಳೆಯ ಕಡೆ ಇಳಿದರೆ ಸಿಗುವ ಊರು ಅದು. ಅಲ್ಲಿನ ಆರೋಗ್ಯ ಉಪಕೇಂದ್ರದ ಮೆಟ್ಟಿಲ ಮೇಲೆ ನಿಂತು ಆಕೆ ಒಬ್ಬನಿಗೆ ಗುಳಿಗೆ ನುಂಗಿದೆಯೋ ಇಲ್ಲವೋ ಎಂದು ಕೇಳಿದರೆ, ರಾಮದುರ್ಗದ ಬಸ್ ನಿಲ್ದಾಣದಲ್ಲಿ ಕುಳಿತ ಪರವೂರಿನವರು ಜೇಬು ತಡಕಿ ತಮ್ಮ ತಮ್ಮ ಗುಳಿಗೆ ನುಂಗಿಬಿಡುತ್ತಿದ್ದರು. ಪೋಲಿಯೋ ಹನಿಯ ದಿನ ಆಕೆ ಓಣಿಯ ತುದಿಯಲ್ಲಿ ಕೆಮ್ಮಿದರೆ ಸಾಕು, ತೊಟ್ಟಿಲಲ್ಲಿ ಮಲಗಿದ ಕೂಸುಗಳು ನಿದ್ದೆಗಣ್ಣಲ್ಲೇ ಬಾಯಿ ತೆರೆಯುತ್ತಿದ್ದವು. ಬಸುರಿಯರು, ಬಾಣಂತಿಯರು, ಸಕ್ಕರೆ ಕಾಯಿಲೆಯ ಮುದುಕರು ಎಲ್ಲರನ್ನೂ ಆಕೆ ಬೈದು ಬೈದೇ ಆರೋಗ್ಯವಂತರನ್ನಾಗಿ ಮಾಡಿದ್ದಳು. ಸರಕಾರ ಕಳಿಸುವ ಔಷಧ ತಿಂಗಳ ಕೊನೆಗೆ ಮುಗಿಯುತ್ತಿತ್ತು, ದೇವಕ್ಕನ ಬೈಗುಳ ಮಾತ್ರ ಸದಾ ದಾಸ್ತಾನಿನಲ್ಲಿರುತ್ತಿತ್ತು.

ಇಂಥ ಗಂಟಲು ಸೋತದ್ದು ಒಂದೇ ಕಡೆ, ಸ್ವಂತ ಅಣ್ಣ ಶಟ್ಟೆಪ್ಪನ ಮುಂದೆ.

ಶಟ್ಟೆಪ್ಪ ಬಾಗಿಲಲ್ಲಿ ನಿಂತರೆ ಒಳಗಿನವರು ಹಗಲಲ್ಲೇ ದೀಪ ಹಚ್ಚಬೇಕಾಗುತ್ತಿತ್ತು. ಅವನು ಎಷ್ಟು ರೊಟ್ಟಿ ತಿನ್ನುತ್ತಾನೆಂದು ಲೆಕ್ಕ ಇಡುವುದನ್ನು ಹೆಂಡತಿ ಕೃಷ್ಣವ್ವ ಮದುವೆಯಾದ ಹೊಸದರಲ್ಲೇ ಬಿಟ್ಟಿದ್ದಳು. ಇತ್ತೀಚೆಗೆ ಅವನ ಮುಖ ಕೆಂಪಗೆ ಕಾದ ಹೆಂಚಿನ ಹಾಗೆ ಇರುತ್ತಿತ್ತು. ಬೆಳಿಗ್ಗೆ ತಲೆ ಸಿಡಿಯುತ್ತದೆಂದು ರುಮಾಲು ಬಿಗಿದು ಕೂರುತ್ತಿದ್ದ. ಒಮ್ಮೆ ಮೂಗಿನಿಂದ ರಕ್ತ ಸುರಿದಾಗ, ಮೈಯಲ್ಲಿ ರಕ್ತ ಹೆಚ್ಚಾಗಿದೆ, ಅದಕ್ಕೇ ಚೆಲ್ಲುತ್ತಿದೆ ಎಂದು ಜಂಬ ಕೊಚ್ಚಿಕೊಂಡಿದ್ದ. ಆ ಜಂಬ ಕೇಳಿದಾಗಲೆಲ್ಲ ದೇವಕ್ಕನಿಗೆ ಅಪ್ಪ ನೆನಪಾಗುತ್ತಿದ್ದ. ಅವರಪ್ಪನಿಗೂ ಇದೇ ವಯಸ್ಸು, ಇದೇ ಕೆಂಪು ಮುಖ, ಇದೇ ತಲೆನೋವು ಇದ್ದವು. ಒಂದು ಮುಂಜಾನೆ ಚಹಾದ ಬಸಿ ಅವನ ಕೈಯಿಂದ ಜಾರಿ ಬಿತ್ತು, ಬಾಯಿ ಒಂದು ಕಡೆ ಸೊಟ್ಟಾಯಿತು. ಲಕ್ವಾ ಹೊಡೆದ ಆ ಮನುಷ್ಯ ಸಾಯುವತನಕ ಹೊರಸು ಬಿಟ್ಟು ಏಳಲಿಲ್ಲ. ಚಮಚದಲ್ಲಿ ಗಂಜಿ ಹಾಕಿ ಅವನ ಗದ್ದ ಒರೆಸಿದವಳು ದೇವಕ್ಕ. ಅಣ್ಣನ ಗದ್ದವನ್ನೂ ಒರೆಸುವ ದಿನ ಬರಬಾರದು, ಅದೊಂದೇ ಅವಳ ಹಟ. ಅದಕ್ಕೆ ಮೊದಲು ಬಿ.ಪಿ. ನೋಡಬೇಕು. ಬಿ.ಪಿ. ನೋಡಬೇಕೆಂದರೆ ತೋಳಿಗೆ ಪಟ್ಟಿ ಕಟ್ಟಬೇಕು. ಪಟ್ಟಿ ಕಂಡರೆ ಸಾಕು, ಶಟ್ಟೆಪ್ಪ ಊರಲ್ಲೇ ಇರುತ್ತಿರಲಿಲ್ಲ.

ಊರಿನವರೆಲ್ಲ ನಗುತ್ತಿದ್ದರು. ಯಾಕೆಂದರೆ ಶಟ್ಟೆಪ್ಪ ಸಾಧಾರಣ ಆಳಲ್ಲ. ಮಲಪ್ರಭೆಗೆ ಮಹಾಪೂರ ಬಂದ ವರ್ಷ ಬೀಳುತ್ತಿದ್ದ ದನದ ಕೊಟ್ಟಿಗೆಯ ಗೋಡೆಯನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು ಎಮ್ಮೆಯನ್ನು ಹೊರಗೆ ಬಿಟ್ಟವನು. ಇದು ಅವನೇ ಹೇಳಿದ್ದು. ಮೊದಲ ವರ್ಷ ಒಂದು ಎಮ್ಮೆ ಇತ್ತು. ಮರುವರ್ಷ ಅದರ ಹಿಂದೆ ಕರು ಬಂತು. ಆಮೇಲೆ ನೆರೆಮನೆಯ ಜೋಡೆತ್ತು ಬಂದವು. ಈಚೆಗೆ ಆ ಗೋಡೆಯ ಅಡಿಯಿಂದ ಒಂದು ಟ್ರ್ಯಾಕ್ಟರೂ ಅದರ ಟ್ರೇಲರೂ ಸುರಕ್ಷಿತವಾಗಿ ಹೊರಬಿದ್ದಿದ್ದವು, ಶಟ್ಟೆಪ್ಪ ಇನ್ನೊಂದು ಕೈಯಲ್ಲಿ ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದ. ಕಟ್ಟೆಯ ಮೇಲೆ ಕುಳಿತವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಆ ವರ್ಷ ದೇವಕ್ಕನಿಗೆ ಕಿತ್ತೂರಿನ ಕಡೆ ನೌಕರಿ. ನೀರು ಇಳಿದು, ರಸ್ತೆ ತೆರೆದು, ಆಕೆ ತವರಿಗೆ ಓಡಿ ಬರುವಷ್ಟರಲ್ಲಿ ಅಣ್ಣ ಆಗಲೇ ಕಥೆ ಶುರು ಮಾಡಿಬಿಟ್ಟಿದ್ದ.

ಬೈದು ಸಾಕಾಗಿ ದೇವಕ್ಕ ಒಂದು ಸಲ ಉಪಾಯ ಹೂಡಿದ್ದಳು. ಮಧ್ಯಾಹ್ನ ಉಂಡು ಪಡಸಾಲೆಯಲ್ಲಿ ಅಣ್ಣ ಗೊರಕೆ ಹೊಡೆಯುತ್ತಿದ್ದಾಗ ಮೆಲ್ಲಗೆ ಹೋಗಿ ಬಲತೋಳಿಗೆ ಪಟ್ಟಿ ಸುತ್ತಿ ಹೊಸ ಬ್ಯಾಟರಿ ಯಂತ್ರದ ಗುಂಡಿ ಒತ್ತಿದಳು. ಯಂತ್ರ ಗುಂಯ್ ಎಂದಿತು, ಪಟ್ಟಿ ಬಿಗಿಯಿತು. ಶಟ್ಟೆಪ್ಪ ಮಲಗಿದಲ್ಲಿಂದ ಹೇಗೆ ಎದ್ದನೆಂದರೆ ಹೊರಸಿನ ಕಾಲುಗಳು ನಾಲ್ಕೂ ನಾಲ್ಕು ದಿಕ್ಕಿಗೆ ಹೋದವು. ಬಾಗಿಲು ದಾಟಿ, ಬೇಲಿ ದಾಟಿ, ಕಬ್ಬಿನ ಹೊಲ ಸೀಳಿಕೊಂಡು ಓಡಿದ. ತೋಳಲ್ಲಿ ಪಟ್ಟಿ, ಹಿಂದೆ ಯಂತ್ರ ನಾಯಿಬಾಲಕ್ಕೆ ಕಟ್ಟಿದ ಡಬ್ಬಿಯ ಹಾಗೆ ಕುಣಿಯುತ್ತಿತ್ತು. ಅವನು ಓಡಿದ ದಾರಿಯಲ್ಲೇ ಆಮೇಲೆ ಜನ ಹೊಲಕ್ಕೆ ಗಾಡಿದಾರಿ ಮಾಡಿಕೊಂಡರು. ಯಂತ್ರ ಸುರೇಬಾನದ ಬಸ್ಸಿನ ಕಂಡಕ್ಟರನ ಕೈಯಿಂದ ವಾಪಸು ಬಂತು, ಅಣ್ಣ ಮಾತ್ರ ತಂಗಿಯ ಕೂಡ ಮಾತು ಬಿಟ್ಟ. ಪಟ್ಟಿಗೆ ಹೆದರುವ ಪೈಲ್ವಾನ ಎಂದು ಊರು ಕೊಂಡಾಡಿತು.

ಹೀಗಿರುವಾಗ ಬೈಲಹೊಂಗಲದಲ್ಲಿ ತರಬೇತಿ ಬಂತು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಇಷ್ಟೂ ಕಡೆಯ ನರ್ಸಬಾಯಿಯರನ್ನು ಒಂದೇ ಸಭಾಂಗಣದಲ್ಲಿ ತುಂಬಿದ್ದರು. ಅಷ್ಟು ದೊಡ್ಡ ದನಿಗಳು ಒಂದೇ ಸೂರಿನಡಿ ಸೇರಿದ್ದರಿಂದ ಆ ಊರಿನ ಗುಬ್ಬಿಗಳು ಮೂರು ದಿನ ಗೂಡಿಗೆ ಬರಲಿಲ್ಲ. ವೇದಿಕೆ ಮೇಲೆ ಡಾಕ್ಟರ್ ಮಧು ಎಂಬ ತೆಳ್ಳನೆಯ ಹುಡುಗ. ಮೀಸೆ ಬರಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿತ್ತು. ಕಾಯಿಲೆ ಬಂದ ಮೇಲೆ ಓಡಾಡುವುದಲ್ಲ, ಬರುವ ಮೊದಲೇ ತಡೆಯುವುದು ಈಗ ದೇಶದ ನೀತಿ ಎಂದು ಅವನು ಹೇಳಿದ. ಆದರೆ ತಡೆಯಬೇಕೆಂದರೆ ಜನ ತಾವಾಗಿ ಬಂದು ತೋರಿಸಿಕೊಳ್ಳಬೇಕು. ಎಷ್ಟೋ ಜನ ಬರುವುದಿಲ್ಲ, ಅದು ಹಟವಲ್ಲ. ಎಂದೋ ಬಿದ್ದ ಪೆಟ್ಟು ಮೈಯಲ್ಲಿ ಕುಳಿತಿರುತ್ತದೆ. ಒಂದು ಸೂಜಿ, ಒಂದು ಕತ್ತಲೆ ಕೋಣೆ, ಒಂದು ಗಟ್ಟಿ ದನಿ ಸಾಕು, ಅದು ಎದ್ದು ನಿಲ್ಲುತ್ತದೆ. ಆದ್ದರಿಂದ ದಿಲ್ಲಿಯಿಂದ ಹೊಸ ಸೂಚನೆ ಬಂದಿದೆ, ಆಘಾತ ಅರಿತ ಆರೈಕೆ ಎಂದು ಅದರ ಹೆಸರು. ಗದರಿಸಬಾರದು. ಕೇಳದೆ ಮುಟ್ಟಬಾರದು. ಹೇಗೆ ಬೇಕೆಂದು ಅವರನ್ನೇ ಆರಿಸಲು ಬಿಡಬೇಕು. ನಾಲ್ಕು ಜನರ ಮುಂದೆ ಕೇಳಬಾರದು, ಬಾಗಿಲು ಮುಚ್ಚಿ ಒಬ್ಬರನ್ನೇ ಕೂರಿಸಿಕೊಳ್ಳಬೇಕು. ನಿನಗೇನು ಕಾಯಿಲೆ ಎನ್ನುವ ಮೊದಲು, ನಿನ್ನ ಮೇಲೆ ಏನು ನಡೆಯಿತು ಎಂದು ಕೇಳಬೇಕು.

ದೇವಕ್ಕ ಎದ್ದು ನಿಂತಳು. “ಸರ್, ಬೈಲಿಲ್ಲಂದ್ರ ನಮ್ಮ ಮಂದಿಗೆ ಈಕಿಗೆ ನಮ್ಮ ಮ್ಯಾಲೆ ಜೀವ ಇಲ್ಲ ಅನಸ್ತೈತ್ರಿ.”

“ಬೈರಿ ಬಾಯಾರ,” ಎಂದ ಮಧು. “ಕೇಳಿ ಬೈರಿ.”

ಸಭೆ ನಕ್ಕಿತು. ಅವನು ಆಕೆಯನ್ನೇ ವೇದಿಕೆಗೆ ಕರೆದು, ಪಟ್ಟಿ ಕೈಯಲ್ಲಿ ಹಿಡಿದು, ನಿಮ್ಮ ತೋಳು ಮುಟ್ಟಲೇ, ಯಾವ ತೋಳು ಎಂದು ಕೇಳಿದ. ದೇವಕ್ಕ ಎಡತೋಳು ಮುಂದೆ ಚಾಚಿದಳು. ನೌಕರಿಗೆ ಸೇರಿದಾಗಿನಿಂದ ಊರ ತೋಳುಗಳನ್ನೆಲ್ಲ ಎಳೆದು ಕಟ್ಟಿದವಳು ಆಕೆ. ಆಕೆಯ ತೋಳನ್ನು ಹೀಗೆ ಕೇಳಿ ಮುಟ್ಟಿದವರು ಯಾರೂ ಇರಲಿಲ್ಲ. ಕೇಳಿದ ಕೂಡಲೇ ತೋಳು ತನ್ನದು ಅನಿಸಿತು. ಆಗಲೇ ಆಕೆಗೆ ಹೊರಸಿನಿಂದ ಎದ್ದ ಅಣ್ಣನ ಮುಖ ನೆನಪಾಯಿತು. ಅದು ಸಿಟ್ಟಿನ ಮುಖವಾಗಿರಲಿಲ್ಲ. ಅಂಥ ಮುಖವನ್ನು ಆಕೆ ಹೆರಿಗೆಯ ಕೋಣೆಯಲ್ಲಿ ಕಂಡಿದ್ದಳು, ಉಸಿರು ಸಿಗದ ಹೊತ್ತಿನಲ್ಲಿ.

ಊರಿಗೆ ಬಂದವಳೇ ಆಕೆ ಮೆತ್ತಗೆ ಮಾತಾಡಲು ಶುರು ಮಾಡಿದಳು. ಮೊದಲ ದಿನವೇ ಊರಿನ ಅರ್ಧ ಜನ ಆಕೆಗೆ ಗಂಟಲು ಕೆಟ್ಟಿದೆ ಎಂದು ಕಷಾಯ ತಂದರು. ಇನ್ನರ್ಧ ಜನ ಆಕೆಗೆ ವರ್ಗವಾಗಿದೆ, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ ಎಂದು ಕಣ್ಣೊರೆಸಿಕೊಂಡರು. ಒಬ್ಬ ಮುದುಕಿ ಮೂರು ಸಂಜೆ ಬಂದು, ಒಮ್ಮೆ ಬೈಯವ್ವ, ಗುಳಿಗೆ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಬೇಡಿಕೊಂಡಳು.

ಆದರೆ ನಿಜವಾದ ಅನಾಹುತ ಮಾಡಿದ್ದು ಬಾಗಿಲು. ಹೊಳಿಮಳಲಿಯಲ್ಲಿ ಹಗಲಲ್ಲಿ ಬಾಗಿಲು ಮುಚ್ಚುವ ಪದ್ಧತಿ ಇಲ್ಲ. ಹಾಕಿದ ಬಾಗಿಲು ಎಂದರೆ ಒಳಗೆ ಪಾಲು ಹಂಚಿಕೆ ನಡೆದಿದೆ, ಇಲ್ಲವೇ ಯಾರೋ ಕೊನೆಯುಸಿರಿನಲ್ಲಿದ್ದಾರೆ ಎಂದೇ ಅರ್ಥ. ಇದು ಗೊತ್ತಿದ್ದೂ ದೇವಕ್ಕ, ದೇಶದ ನೀತಿ ಎಂಬ ಭರದಲ್ಲಿ ನೀಲಪ್ಪನನ್ನು ಒಳಗೆ ಕರೆದು ಬಾಗಿಲು ಹಾಕಿದಳು. ನೀಲಪ್ಪ ಶಟ್ಟೆಪ್ಪನ ಓಣಿಯವನು, ಕಟ್ಟಡದ ಕೆಲಸದವನು, ಸುಮ್ಮನೆ ಬಿ.ಪಿ. ತೋರಿಸಲು ಬಂದಿದ್ದ. ಬಾಗಿಲು ತೆರೆಯುವಷ್ಟರಲ್ಲಿ ಹೊರಗೆ ಊರೇ ನೆರೆದಿತ್ತು. ಅವನಿಗೆ ದೊಡ್ಡ ರೋಗ ಎಂದು ಒಬ್ಬ, ಇಲ್ಲ, ಹೊಲ ಮಾರುತ್ತಿದ್ದಾನೆ ಎಂದು ಇನ್ನೊಬ್ಬ. ಸಂಜೆಗೆ ಚಚಡಿಯಿಂದ ಅವನ ಬೀಗರು ಟೆಂಪೋ ತುಂಬ ಬಂದು, ಇಳಿಯುತ್ತಲೇ ಅಳತೊಡಗಿದರು. ನೀಲಪ್ಪ ಬಾಗಿಲಲ್ಲಿ ನಿಂತು ನಾನು ಚೆನ್ನಾಗಿದ್ದೇನೆ ಎಂದು ಹೇಳಿದಷ್ಟೂ ಅವರ ಅಳು ಜೋರಾಯಿತು, ಸಾಯುವವರು ಹಾಗೇ ಹೇಳುತ್ತಾರಂತೆ. ಕೊನೆಗೆ ಅವರಿಗೆಲ್ಲ ಊಟ ಹಾಕಿ ಕಳಿಸಬೇಕಾಯಿತು. ಅಂದಿನಿಂದ ಉಪಕೇಂದ್ರದ ಒಳಗೆ ಕಾಲಿಡುವವರೇ ಇಲ್ಲ.

ಅಣ್ಣನ ಮುಖ ಇನ್ನಷ್ಟು ಕೆಂಪಾಗುತ್ತಿತ್ತು. ಬರಬರುತ್ತ ಎಡಗೈ ಜೋಮು ಹಿಡಿಯುತ್ತದೆ ಎಂದು ಹೆಂಡತಿಯ ಮುಂದೆ ಅಂದಿದ್ದನಂತೆ. ಕೃಷ್ಣವ್ವ ಓಡಿ ಬಂದು ಹೇಳಿ ಹೋದಳು. ಕೃಷ್ಣವ್ವ ಮಾತು ಕಡಿಮೆ, ವರ್ಷಕ್ಕೊಮ್ಮೆ ಬಾಯಿ ತೆರೆದರೂ ಊರಿಗೆ ಅದು ಸುದ್ದಿ. ಆಕೆಯೇ ಓಡಿ ಬಂದಳೆಂದ ಮೇಲೆ ದೇವಕ್ಕನಿಗೆ ಅನ್ನ ಸೇರಲಿಲ್ಲ.

ದಾರಿ ತೋರಿಸಿದ್ದು ದಾವಲಸಾಬನ ಗಿರಣಿ. ದಾವಲಸಾಬ ತನ್ನ ತಾಯಿ ಹುಸೇನಮಾಳ ಜೊತೆ ನಡೆಸುವ ಆ ಹಿಟ್ಟಿನ ಗಿರಣಿ ಶುರುವಾದರೆ ಮಲಪ್ರಭೆಯ ಮೀನುಗಳು ಹರಿವಿಗೆ ಎದುರಾಗಿ ಈಜಿ ನವಿಲುತೀರ್ಥದ ಅಣೆಕಟ್ಟು ಮುಟ್ಟುತ್ತಿದ್ದವು. ಜೋಳ ಬೀಸಿಸಲು ಹೋಗಿದ್ದ ದೇವಕ್ಕನ ಕಿವಿಗೆ ಬಾಯಿ ಹಚ್ಚಿ ಅಲ್ಲಿ ನೀಲಪ್ಪ ಏನೋ ಒದರಿದ. ನಿದ್ದೆ ಬರುವುದಿಲ್ಲ, ಹೊಳೆಯ ಸಪ್ಪಳ ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದ. ಮಗ್ಗುಲಲ್ಲೇ ಬುಟ್ಟಿ ಹಿಡಿದು ನಿಂತ ಹೆಂಗಸರಿಗೆ ಅದರ ಒಂದಕ್ಷರವೂ ಕೇಳಿಸಲಿಲ್ಲ. ಕೇಳಿಸದಿದ್ದರೂ ಯಾರಿಗೂ ಸಂಶಯ ಬರಲಿಲ್ಲ, ಗಿರಣಿಯಲ್ಲಿ ಎಲ್ಲರೂ ಮಾತಾಡುವುದೇ ಹಾಗೆ. ದೇವಕ್ಕ ಹಿಟ್ಟಿನ ದೂಳಲ್ಲಿ ನಿಂತಲ್ಲೇ ಹಿಗ್ಗಿದಳು. ಬಾಗಿಲು ಹಾರು ಹೊಡೆದಿದೆ, ಊರೆಲ್ಲ ಎದುರಿಗಿದೆ, ಆದರೂ ಗುಟ್ಟು ಗುಟ್ಟಾಗಿಯೇ ಉಳಿಯುವ ಜಾಗ. ಇಂಥ ಕೋಣೆಯನ್ನು ಸರಕಾರ ಕಟ್ಟಿಸಬೇಕೆಂದರೂ ಸಾಧ್ಯವಿರಲಿಲ್ಲ.

ಅಂದಿನಿಂದ ಆಕೆಯ ಚೀಲ ಗಿರಣಿಯ ಮೂಲೆಯಲ್ಲಿ ಕೂರಲು ಹಾಕಿದ್ದ ಮರದ ಬಾಕಿನ ಮೇಲೆ ಬಂತು. ಜೋಳದ ಸರದಿಗೆ ನಿಂತವರು ಆಕೆಯ ಮಗ್ಗುಲಿಗೆ ಬಂದು ಕೂರುತ್ತಿದ್ದರು, ಕಿವಿಗೆ ಒದರುತ್ತಿದ್ದರು, ಆಕೆ ಅವರ ಕಿವಿಗೆ ಒದರುತ್ತಿದ್ದಳು. ಮೆತ್ತಗೆ ಮಾತಾಡುವ ತೊಂದರೆಯೂ ತಪ್ಪಿತು. ವಾರದೊಪ್ಪತ್ತಿನಲ್ಲಿ ಆಕೆಗೆ ಅಣ್ಣನದೊಂದು ಬಿಟ್ಟು ಊರಿನ ಹೊಟ್ಟೆಯೊಳಗಿನ ಮಾತೆಲ್ಲ ತಿಳಿಯಿತು, ಊರಿನಲ್ಲಿ ಹಿಟ್ಟು ಹಿಂದೆಂದೂ ಇಷ್ಟು ನುಣ್ಣಗಾಗಿರಲಿಲ್ಲ, ಯಾಕೆಂದರೆ ಜನ ಬೀಸಿದ್ದನ್ನೇ ಮತ್ತೆ ಬೀಸಿಸಲು ತರುತ್ತಿದ್ದರು.

ಇನ್ನು ಅಣ್ಣನನ್ನು ಅಲ್ಲಿಗೆ ತರಬೇಕು. ಕೃಷ್ಣವ್ವ ಸೊಂಟ ಹಿಡಿದುಕೊಂಡು ಕುಳಿತಳು. ಶಟ್ಟೆಪ್ಪ ಬೈಯುತ್ತ ಜೋಳದ ಚೀಲ ಹೆಗಲಿಗೇರಿಸಿ ಒಂದು ಮಧ್ಯಾಹ್ನ ಗಿರಣಿಗೆ ಬಂದ, ಹಿಂದೆ ಸೊಂಟ ನೋವಿನ ಕೃಷ್ಣವ್ವ ಗಂಡನಿಗಿಂತ ಬಿರುಸಾಗಿ ನಡೆದು ಬಂದಳು. ಬಾಕಿನ ಮೇಲೆ ತಂಗಿಯನ್ನು ಕಂಡು ಅವನು ತಿರುಗಿದ. ಹಿಂದೆ ಸರದಿ ಬೆಳೆದಿತ್ತು, ಗಂಡಸರ ಮುಂದೆ ಓಡುವ ಹಾಗಿರಲಿಲ್ಲ. ಮುಖ ಬಿಗಿದು, ಬಾಕಿನ ಇನ್ನೊಂದು ತುದಿಗೆ ಕುಳಿತ. ಬಾಕು ಆ ಕಡೆ ಇಳಿದು ದೇವಕ್ಕ ತಾನಾಗಿಯೇ ಜಾರಿ ಅವನ ಹತ್ತಿರ ಬಂದಳು.

ಆಕೆ ಚೀಲಕ್ಕೆ ಕೈ ಹಾಕಲಿಲ್ಲ. ಎರಡೂ ಕೈ ತೊಡೆಯ ಮೇಲೆ ಅವನಿಗೆ ಕಾಣುವ ಹಾಗೆ ಇಟ್ಟುಕೊಂಡಳು. ಅವನ ಕಿವಿಗೆ ಬಾಯಿ ಹಚ್ಚಿದಳು.

“ಯಣ್ಣಾ, ಅವತ್ತ ನಿನ್ನ ಕೇಳದನ ಪಟ್ಟಿ ಕಟ್ಟಿದ್ನಿ. ಹಂಗ ಮಾಡಬಾರದಿತ್ತು. ಇವತ್ತ ಮುಟ್ಟಂಗಿಲ್ಲ. ಒಂದ ಮಾತ ಕೇಳತೇನಿ, ಹೇಳಬೇಕನಿಸಿದ್ರ ಹೇಳು. ನಿನ್ನ ತೋಳಿಗೆ ಏನಾಗಿತ್ತು?”

ಶಟ್ಟೆಪ್ಪ ಬೀಸುಗಲ್ಲಿನ ಕಡೆ ನೋಡುತ್ತ ಕುಳಿತ. ಗಿರಣಿಯ ಪಟ್ಟಾ ಓಡುತ್ತಿತ್ತು, ಜೋಳ ಇಳಿಯುತ್ತಿತ್ತು. ದಾವಲಸಾಬನ ಹುಬ್ಬೂ ರೆಪ್ಪೆಯೂ ಬೆಳ್ಳಗಾಗಿ ಅವನು ಗಿರಣಿಯಲ್ಲೇ ಬೀಸಿ ತೆಗೆದವನ ಹಾಗೆ ಕಾಣುತ್ತಿದ್ದ. ಕೊನೆಗೆ ಶಟ್ಟೆಪ್ಪ ತಂಗಿಯ ಕಿವಿಯ ಕಡೆ ಬಾಗಿದ. ಅವನು ಆಮೇಲೆ ಒದರಿದ್ದನ್ನು ಆಕೆ ಅರ್ಧ ಕಿವಿಯಿಂದ, ಅರ್ಧ ಮುಖ ನೋಡಿ ತಿಳಿದುಕೊಂಡಳು. ಎಮ್ಮೆ ಬಿಚ್ಚಲು ಹೋಗಿದ್ದು ನಿಜ. ಗೋಡೆ ಬಿದ್ದದ್ದೂ ನಿಜ. ಬಲತೋಳು ಹೆಗಲಿನತನಕ ಹಸಿ ಮಣ್ಣಿನಡಿ ಸಿಕ್ಕಿತು. ಮಣ್ಣು ನೀರು ಕುಡಿದು ಊದುತ್ತಿತ್ತು, ಊದಿದಷ್ಟೂ ಬಿಗಿಯುತ್ತಿತ್ತು. ಹೊಳೆಯ ನೀರು ಸೊಂಟಕ್ಕೆ ಬಂತು, ಎದೆಗೆ ಬಂತು. ಎಮ್ಮೆ ತಾನೇ ಹಗ್ಗ ಹರಿದುಕೊಂಡು ಹೋಯಿತು, ತಿರುಗಿ ಕೂಡ ನೋಡಲಿಲ್ಲ. ಪಟ್ಟಿ ಬಿಗಿದಾಗಲೆಲ್ಲ ಅವನಿಗೆ ಗದ್ದದ ಕೆಳಗೆ ನೀರು ತಣ್ಣಗೆ ಹತ್ತುತ್ತದೆ.

ಇಷ್ಟು ಹೇಳಿ ಅವನು ಎದೆ ತುಂಬ ಉಸಿರು ಎಳೆದುಕೊಂಡ. ಅಷ್ಟು ವರ್ಷದಿಂದ ಒಳಗೆ ಇಟ್ಟದ್ದನ್ನೆಲ್ಲ ಒಂದೇ ಸಲ ಹೊರಗೆ ಹಾಕುವ ಹಾಗೆ ಗಂಟಲು ತೆರೆದು ಒದರಿದ.

ಅದೇ ಗಳಿಗೆಗೆ ಕರೆಂಟು ಹೋಯಿತು.

ಪಟ್ಟಾ ನಿಂತಿತು, ಬೀಸುಗಲ್ಲು ನಿಂತಿತು. ಊರಿನ ಗದ್ದಲವೇ ಬಾಯಿ ಮುಚ್ಚಿದ ಹಾಗಾಯಿತು. ಆ ಮೌನದಲ್ಲಿ ಶಟ್ಟೆಪ್ಪನ ದನಿಯೊಂದೇ ತಗಡಿನ ಸೂರಿಗೆ ಬಡಿದು ಓಣಿ ಓಣಿ ಸುತ್ತಿ, ಹೊಳೆ ದಾಟಿ, ಆಚೆ ದಂಡೆಯ ಊರುಗಳಿಗೂ ಮುಟ್ಟಿತು:

“ಗ್ವಾಡಿ ನಾ ಹಿಡದಿದ್ದಿಲ್ಲವಾ, ಗ್ವಾಡಿ ನನ್ನ ಹಿಡದಿತ್ತು. ಅವ್ವಾ ಅವ್ವಾ ಅಂತ ಅಳಾಕ ಹತ್ತಿದ್ನಿ.”

ಹಿಟ್ಟಿನ ದೂಳು ಗಾಳಿಯಲ್ಲಿ ನಿಧಾನ ಇಳಿಯುತ್ತಿತ್ತು. ಸರದಿಯಲ್ಲಿ ನಿಂತವರು ನಿಂತ ಹಾಗೇ ಇದ್ದರು. ಶಟ್ಟೆಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಹೊಳಿಮಳಲಿಯಲ್ಲಿ ಮಾನ ಹೋದವನು ಊರು ಬಿಟ್ಟೇ ಹೋಗುವವನು. ಅಣ್ಣ ಈಗ ಎದ್ದರೆ, ಸುರೇಬಾನ ದಾಟಿದರೆ, ಆ ಕೆಂಪು ಮುಖ ಹೊತ್ತುಕೊಂಡು ಯಾವುದೋ ಊರಿನ ಬಸ್ ನಿಲ್ದಾಣದಲ್ಲಿ ಬೀಳುತ್ತಾನೆ ಎಂದು ದೇವಕ್ಕನಿಗೆ ಕಣ್ಣಿಗೆ ಕಟ್ಟಿತು. ಅವನ ಕೈ ಹಿಡಿಯಬೇಕು ಅನಿಸಿತು. ಹಿಡಿಯಲಿಲ್ಲ. ಮುಟ್ಟುವುದಿಲ್ಲ ಎಂದಿದ್ದಳಲ್ಲ.

ಮಾತಾಡಿದವಳು ಹುಸೇನಮಾ. ಮುದುಕಿ ಹಿಟ್ಟಿನ ಡಬ್ಬಿಯ ಮುಚ್ಚಳ ಒತ್ತುತ್ತ, ತಲೆ ಎತ್ತದೆ, ಅದೇನು ಹೊಸ ಸುದ್ದಿಯೇ ಅಲ್ಲ ಎಂಬಂತೆ ಹೇಳಿದಳು.

“ಗೊತ್ತೈತೇಳೋ ಯಪ್ಪಾ. ನಿನ್ನ ಹೊರಗ ಎಳದಾವ ನನ್ನ ಮಗಾ ಅಲ್ಲೇನು? ಆವತ್ತ ನಿನ್ನ ಅರಿವಿ ಹಿಂಡಿ ಹಾಕಿದಾಕಿ ನಾನ.”

ಶಟ್ಟೆಪ್ಪ ದಾವಲಸಾಬನ ಕಡೆ ನೋಡಿದ. ದಾವಲಸಾಬ ನೀಲಪ್ಪನ ಕಡೆ ನೋಡಿದ. ನೀಲಪ್ಪ ಛಾವಣಿ ನೋಡಿದ. ಸಲಿಕೆಯಿಂದ ಮಣ್ಣು ತೆಗೆದವನು ನೀಲಪ್ಪ, ಬಗಲಲ್ಲಿ ಕೈ ಹಾಕಿ ಎಳೆದವನು ದಾವಲಸಾಬ. ಆಗ ಶಟ್ಟೆಪ್ಪನಿಗೆ ಅರ್ಧ ಎಚ್ಚರ ತಪ್ಪಿತ್ತು, ಎದ್ದಾಗ ಅವನಿಗೆ ನೆನಪಿದ್ದದ್ದು ಎಮ್ಮೆ ಮಾತ್ರ. ಎಳೆದವರು ಯಾರೂ ಯಾರಿಗೂ ಹೇಳಿರಲಿಲ್ಲ. ಯಾರಿಗೂ ಹೇಳದೆಯೇ ಊರಿಗೆಲ್ಲ ಗೊತ್ತಿತ್ತು, ಇಂಥದ್ದು ಹೊಳಿಮಳಲಿಯಲ್ಲಿ ಮಾತ್ರ ಆಗುತ್ತದೆ.

“ಮತ್ತ ನಾ ಹೇಳಿದಾಗೆಲ್ಲ ಹೌದ ಹೌದ ಅಂತಿದ್ರಲ್ಲೋ ಮಕ್ಕಳ್ರ್ಯಾ,” ಎಂದು ಶಟ್ಟೆಪ್ಪ ಗುಡುಗಿದ. ಅವನಿಗೆ ನಾಚಿಕೆಗಿಂತ ಸಿಟ್ಟೇ ಜಾಸ್ತಿ ಬಂದಿತ್ತು.

“ನೀ ಹೇಳೂದು ಛಲೋ ಇತ್ತು ಮಾಮಾ,” ಎಂದ ದಾವಲಸಾಬ. “ಟ್ರ್ಯಾಕ್ಟರ್ ಸೇರಿಸಿದ್ದು ನೀ ಅಲ್ಲ, ನಾನು. ನಿನಗ ನೆನಪಿಲ್ಲ.”

ಯಾರೋ ಕಿಸಕ್ಕೆಂದರು. ಆಮೇಲೆ ದಾವಲಸಾಬ ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು, ನಿನ್ನದೇನು ಮಹಾ ದೊಡ್ಡದು ಎಂದು ತನ್ನದನ್ನು ಹೇಳಿದ. ಮಳೆ ಬಂದಾಗ ಅವನು ಕಾಳಿಲ್ಲದಿದ್ದರೂ ಗಿರಣಿ ತಿರುಗಿಸುತ್ತಾನೆ. ಊರು ಅವನಿಗೆ ತಲೆ ಕೆಟ್ಟಿದೆ ಎಂದುಕೊಂಡಿತ್ತು. ಮಹಾಪೂರದ ಆ ದಿನದಿಂದ ತಗಡಿನ ಮೇಲೆ ಮಳೆ ಬೀಳುವ ಸಪ್ಪಳವನ್ನು ಅವನು ಕೇಳಲಾರ, ಅದಕ್ಕೆ. ಹುಸೇನಮಾ ತಾನು ಕಾಲಲ್ಲಿ ಚಪ್ಪಲಿ ಹಾಕಿಕೊಂಡೇ ಮಲಗುತ್ತೇನೆ, ಯಾವಾಗ ಓಡಬೇಕಾಗುತ್ತದೋ ಎಂದಳು. ನೀಲಪ್ಪ ಸುಮ್ಮನಿದ್ದಾನೆಯೇ, ನೀರಿನ ಟ್ಯಾಂಕರಿನ ಸಪ್ಪಳಕ್ಕೇ ತಾನು ಅಟ್ಟ ಏರುತ್ತೇನೆ, ಒಮ್ಮೆ ಬೀಗರ ಮುಂದೆಯೂ ಏರಿದ್ದೇನೆ ಎಂದ. ಸರದಿಯಲ್ಲಿ ಹಿಂದೆ ನಿಂತವರು ಅದಕ್ಕಿಂತ ದೊಡ್ಡದು ತಮ್ಮದೆಂದು ಮುಂದೆ ನುಗ್ಗಿದರು. ಯಾವ ವಿಷಯದಲ್ಲೂ ಇನ್ನೊಬ್ಬನಿಗಿಂತ ಕಡಿಮೆ ಎನಿಸಿಕೊಳ್ಳದ ಊರದು, ಹೆದರಿಕೆಯಲ್ಲಿ ಬಿಟ್ಟುಕೊಡುತ್ತದೆಯೇ? ಗಿರಣಿಯಲ್ಲಿ ಎದ್ದ ಆ ಗದ್ದಲಕ್ಕೆ ಹೋಲಿಸಿದರೆ ಯಂತ್ರದ ಸದ್ದು ಏನೂ ಅಲ್ಲ.

ಶಟ್ಟೆಪ್ಪ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕುಳಿತಿದ್ದ. ಅವನ ಹೆಗಲು ಸ್ವಲ್ಪ ಇಳಿದಿತ್ತು. ದೇವಕ್ಕ ಆಗ ಚೀಲ ತೆರೆದಳು. ಬ್ಯಾಟರಿ ಯಂತ್ರ ತೆಗೆಯಲಿಲ್ಲ, ಅದು ಹೇಳದೆ ಕೇಳದೆ ತಾನೇ ಬಿಗಿಯುವಂಥದ್ದು. ತಳದಲ್ಲಿದ್ದ ಹಳೆಯ ಕೈಪಂಪಿನ ಬಿ.ಪಿ. ಸಾಧನ ತೆಗೆದು ಅವನಿಗೂ ತನಗೂ ನಡುವೆ ಬಾಕಿನ ಮೇಲಿಟ್ಟಳು. ಗಾಳಿ ಒತ್ತುವ ರಬ್ಬರ್ ಉಂಡೆಯನ್ನೂ, ಗಾಳಿ ಬಿಡುವ ತಿರುಪನ್ನೂ ತೋರಿಸಿದಳು. ಗಿರಣಿ ಓಡುತ್ತಿದ್ದರೆ ಸ್ಟೆತಸ್ಕೋಪಿನಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಕರೆಂಟು ಇಲ್ಲದ್ದೇ ಪುಣ್ಯ, ಊರಿನ ಬಾಯಿ ಒಂದು ಮುಚ್ಚಿದರೆ ಸಾಕು.

“ಇದನ್ನ ನೀನ ಒತ್ತು, ನೀನ ಬಿಡು. ಸಾಕ ಅನಿಸಿದ ಕೂಡ್ಲೆ ಬಿಟ್ಟಬಿಡು, ನಾ ಏನೂ ಅನ್ನಂಗಿಲ್ಲ. ಯಾವ ತೋಳಿಗೆ ಕಟ್ಟಲಿ, ನೀನ ಹೇಳು.”

ಯಾವ ತೋಳು ಎಂಬ ಪ್ರಶ್ನೆ ಕೇಳಿ ಶಟ್ಟೆಪ್ಪ ತನಗೆ ಎರಡು ತೋಳಿವೆ ಎಂದು ಆಗಷ್ಟೇ ತಿಳಿದವನ ಹಾಗೆ ಎರಡನ್ನೂ ನೋಡಿಕೊಂಡ. ಎಡಗೈ ಚಾಚಿದ. ಆಕೆ ಮುಟ್ಟಲೇ ಎಂದಳು, ಅವನು ಹೂಂ ಎಂದ. ಗೋಡೆಯಡಿ ಸಿಕ್ಕಿದ್ದ ಬಲಗೈಯಲ್ಲಿ ರಬ್ಬರ್ ಉಂಡೆ ಹಿಡಿದು ಒತ್ತಿದ. ಪಟ್ಟಿ ಸ್ವಲ್ಪ ಬಿಗಿದದ್ದೇ ತಡ, ಬುಸ್ಸೆಂದು ಗಾಳಿ ಬಿಟ್ಟ. ದೇವಕ್ಕ ಏನೂ ಅನ್ನಲಿಲ್ಲ. ಆ ಬಾಯಿ ಏನೂ ಅನ್ನದೆ ಇದ್ದದ್ದು ಕಂಡು ಸರದಿಯಲ್ಲಿದ್ದವರು ಉಸಿರು ಹಿಡಿದರು. ಅವನು ಮತ್ತೆ ಒತ್ತಿದ, ಮತ್ತೆ ಬಿಟ್ಟ. ಹಣೆಯ ಮೇಲೆ ಬೆವರು ಜೋಳದ ಕಾಳಿನ ಗಾತ್ರ ಮೂಡಿತು. ಎದುರಿಗೆ ದಾವಲಸಾಬ ತನ್ನ ಖಾಲಿ ಮುಷ್ಟಿಯನ್ನು ಅವನ ಜೊತೆ ಜೊತೆಗೇ ಒತ್ತುತ್ತ ಬಿಡುತ್ತ ನಿಂತಿದ್ದ, ನೀಲಪ್ಪನೂ, ಸರದಿಯಲ್ಲಿದ್ದ ಗಂಡಸರೂ ಹಾಗೇ ಮಾಡತೊಡಗಿದರು. ಕೊನೆಗೊಮ್ಮೆ ಶಟ್ಟೆಪ್ಪ ಕಣ್ಣು ಮುಚ್ಚದೆ, ತಂಗಿಯ ಮುಖವನ್ನೇ ನೋಡುತ್ತ, ಪೂರ್ತಿ ಒತ್ತಿ ನಿಲ್ಲಿಸಿದ. ಆಮೇಲೆ ತಿರುಪನ್ನು ತಾನೇ, ನಿಧಾನ, ಬಿಚ್ಚಿದ.

ದೇವಕ್ಕ ಸ್ಟೆತಸ್ಕೋಪು ಕಿವಿಯಿಂದ ತೆಗೆದಳು. ಸಂಖ್ಯೆ ಕೆಟ್ಟದಿತ್ತು. ಅವರಪ್ಪನದು ಯಾರೂ ಅಳೆದಿರಲಿಲ್ಲ, ಅಳೆದಿದ್ದರೆ ಹೀಗೇ ಇರುತ್ತಿತ್ತೇನೋ. ಆಕೆ ಅಣ್ಣನ ಕಿವಿಯಲ್ಲಿ ಪಿಸುಗುಟ್ಟಿದಳು. ನಾಳೆಯೇ ರಾಮದುರ್ಗದ ದವಾಖಾನೆಗೆ ಹೋಗಬೇಕು, ತಾನೂ ಬರುತ್ತೇನೆ, ಗುಳಿಗೆ ಶುರು ಮಾಡಿದರೆ ಇದು ಇಳಿಯುತ್ತದೆ, ಹೊತ್ತು ಮೀರಿಲ್ಲ ಎಂದಳು. ಶಟ್ಟೆಪ್ಪ ಕೇಳಿಸಿಕೊಂಡ. ಇಷ್ಟು ದೊಡ್ಡ ಸಂಖ್ಯೆ ತಾಲೂಕಿನಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಕೇಳಿದ. ದೇವಕ್ಕ ಇಲ್ಲ ಎಂದಳು. ಅವನು ಎದ್ದು ನಿಂತು, ತನ್ನ ಬಿ.ಪಿ. ರಾಮದುರ್ಗ, ಸವದತ್ತಿ ಎರಡೂ ತಾಲೂಕಿನಲ್ಲಿ ಮೊದಲನೆಯದು ಎಂದು ಗಿರಣಿಗೆಲ್ಲ ಸಾರಿದ. ಹಾಗೆ ಸಾರಿದವನೇ, ನಾಳೆ ಎಷ್ಟು ಗಂಟೆಯ ಬಸ್ಸು ಎಂದು ಮೆಲ್ಲಗೆ ಕೇಳಿದ.

ಅವನನ್ನು ಸೋಲಿಸಬೇಕೆಂದು ನೀಲಪ್ಪ ಅಂಗಿಯ ತೋಳು ಮಡಚಿ ಬಾಕಿನ ಕಡೆ ಬಂದ. ಅವನಿಗಿಂತ ಮೊದಲು ಅಲ್ಲಿ ಕೃಷ್ಣವ್ವ ಕುಳಿತಿದ್ದಳು. ಅಷ್ಟು ಹೊತ್ತು ಆಕೆ ಚೀಲದ ಹತ್ತಿರ ನಿಂತಿದ್ದಳು, ಯಾರ ಸ್ಪರ್ಧೆಯಲ್ಲೂ ಬಾಯಿ ಹಾಕಿರಲಿಲ್ಲ. ಈಗ ಸೆರಗು ಸರಿಮಾಡಿಕೊಂಡು ತೋಳು ಮುಂದೆ ಚಾಚಿದಳು.

“ನಂದೂ ನೋಡ ದೇವಕ್ಕಾ. ಇಂವಾ ಗ್ವಾಡಿ ತೆಳಗ ಇದ್ದಾಗ ನಾ ದಂಡಿ ಮ್ಯಾಲೆ ನಿಂತಿದ್ನಿ. ಇಂವಾ ಅವ್ವಾ ಅಂತ ಒದರೂದು ನನಗ ದಿನಾ ಕೇಳಸ್ತೈತಿ.”

ಗಿರಣಿಯಲ್ಲಿ ಯಾರೂ ತಮ್ಮದು ಇದಕ್ಕಿಂತ ದೊಡ್ಡದು ಎನ್ನಲಿಲ್ಲ. ದೇವಕ್ಕ ಪಟ್ಟಿ ಎತ್ತಿಕೊಂಡು, ಮುಟ್ಟಲೇನ ವೈನಿ, ಎಂದು ಕೇಳಿದಳು. ಕೃಷ್ಣವ್ವ ತಲೆಯಾಡಿಸಿದಳು. ಶಟ್ಟೆಪ್ಪ ರಬ್ಬರ್ ಉಂಡೆ ಹಿಡಿದು ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ನಾನು ಒತ್ತುತ್ತೇನೆ, ನನಗೆ ಈಗ ರೂಢಿಯಾಗಿದೆ ಎಂದ.

“ಕೊಡ ಇಲ್ಲೆ,” ಎಂದು ಕೃಷ್ಣವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. “ನಂದು ನಾನ ಒತ್ಕೋತೇನಿ.”